ಬಂಡೆ ಹತ್ತಿ ಮನೆ ತೋರಿಸು

ಕುಮಾರಸ್ವಾಮಿ ಲೇಔಟಿನಲ್ಲಿ, ಬಸ್ಸು ಮೊದಲನೇ ಗೇರಿನಲ್ಲಿ ಗೊಣಗಿಕೊಂಡು ಏರುವ ದಿಬ್ಬದ ತುದಿಗೆ, ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದ ಶಾಲೆಯಿದೆ. ಕಲಿಸುತ್ತಿದ್ದೆ ಎಂದು ನಾನು ಹೇಳುತ್ತೇನೆ. ಕಲಿತೆವು ಎಂದು ಇದುವರೆಗೆ ಯಾರೂ ಬಂದು ಹೇಳಿಲ್ಲ. ಶಾಲೆಯ ಹೆಸರು ಹೊಸಬೆಳಕು ಪ್ರೌಢಶಾಲೆ. ಈ ಹೆಸರು ಗೊತ್ತಿದ್ದದ್ದು ಹೆಡ್‌ಮಾಸ್ಟರಿಗೆ, ಟ್ರಸ್ಟಿನವರಿಗೆ ಮತ್ತು ಬೋರ್ಡು ಬರೆದ ಪೇಂಟರಿಗೆ. ಉಳಿದ ಲೋಕಕ್ಕೆಲ್ಲ ಅದು ಬಂಡೆ ಸ್ಕೂಲ್.

ಕಾರಣ, ಬಂಡೆ. ಲೇಔಟು ಮಾಡಿ ಸೈಟು ಹಂಚುವಾಗ ಯಾರಿಗೂ ಬೇಡವಾದ ಜಾಗವೊಂದು ಉಳಿಯಿತು; ಮಲಗಿದ ಎಮ್ಮೆಯಂಥ, ಎರಡು ಬಸ್ಸಿನಷ್ಟು ದಪ್ಪದ ಒಂದು ಬಂಡೆ ಅದರ ಅಂಚಿನಲ್ಲಿತ್ತು. ಯಾರಿಗೂ ಬೇಡವಾದದ್ದನ್ನು ವಿದ್ಯೆಗೆ ಕೊಡುವುದು ನಮ್ಮಲ್ಲಿ ರೂಢಿ. ಕಂಟ್ರಾಕ್ಟರು ಅದನ್ನು ಸಿಡಿಸಲು ಹೊರಟಾಗ ಅಕ್ಕಪಕ್ಕದವರು ತಮ್ಮ ಕಿಟಕಿಯ ಗಾಜು ಒಡೆಯುತ್ತದೆಂದು ಜಗಳಕ್ಕೆ ಬಂದರು. ಹಾಗಾಗಿ ಕಾಂಪೌಂಡು ಗೋಡೆ ಒಂದು ಕಡೆಯಿಂದ ಬಂದು ಬಂಡೆಗೆ ತಗುಲಿ ನಿಂತಿತು, ಆ ಬದಿಯಿಂದ ಏನೂ ಆಗಿಲ್ಲವೆಂಬಂತೆ ಮುಂದುವರಿಯಿತು. ಬಂಡೆಯ ಕಡಿದಾದ ಬೆನ್ನು ನಮ್ಮ ಮೈದಾನದ ಕಡೆಗೆ. ಇಳಿಜಾರಾದ ಮುಖ ರಸ್ತೆಯ ಕಡೆಗೆ. ಹತ್ತಬೇಕೆಂದರೆ ಗೇಟು ದಾಟಿ ರಸ್ತೆಗೆ ಬರಬೇಕು. ಹತ್ತಬೇಕೆಂದು ಮೊದಲ ಕೆಲವು ವರ್ಷ ಯಾರಿಗೂ ಅನ್ನಿಸಲಿಲ್ಲ.

ನಮ್ಮ ಮಕ್ಕಳಿಗೆ ಆ ಹೆಸರೆಂದರೆ ನಾಚಿಕೆ. ಜಯನಗರದ ಶಾಲೆಗಳಿಗೆ ಚರ್ಚಾಸ್ಪರ್ಧೆಗೋ ಕ್ವಿಜ್ಜಿಗೋ ಹೋದರೆ ಅಲ್ಲಿ ನೆರಳು ಕೊಡುವ ದೊಡ್ಡ ಮರಗಳು, ಕಲ್ಲಿನ ಕಂಬಗಳು, ತಾತ ಓದಿದ ಬೆಂಚಿನ ಮೇಲೆಯೇ ಕೂತ ಮೊಮ್ಮಕ್ಕಳು. ನಿಮ್ಮದು ಯಾವ ಸ್ಕೂಲು ಎಂದು ಅವರು ಕೇಳಿದರೆ ನಮ್ಮವರು ಎದೆಯ ಮೇಲಿನ ಬ್ಯಾಡ್ಜಿನ ಮೇಲೆ ಕೈ ಇಟ್ಟುಕೊಂಡು ಮಾತಾಡುತ್ತಿದ್ದರು. ದೇಶಭಕ್ತಿಯೆಂದು ಅವರು ತಿಳಿದಿರಬಹುದು. ಮಕ್ಕಳನ್ನೇನು ಹೇಳುವುದು, ಮದುವೆಮನೆಗಳಲ್ಲಿ ಯಾರಾದರೂ ವಿಚಾರಿಸಿದರೆ ನಾನೂ “ಬನಶಂಕರಿ ಕಡೆ ಒಂದು ಸ್ಕೂಲು” ಎಂದು ಹೇಳಿ ಹೋಳಿಗೆಯ ಕಡೆ ತಿರುಗುತ್ತಿದ್ದೆ.

ತೊಂಬತ್ತನಾಲ್ಕರಲ್ಲಿ ಗಣಿತಕ್ಕೆ ಉಮಾಮಹೇಶ್ವರಿ ಮೇಡಂ ಬಂದರು. ಎತ್ತರದ ಹೆಂಗಸು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಲ್ಲಿಗೋ ತಡವಾಯಿತೆಂಬಂತೆ ನಡೆಯುವವರು. ಅವರ ತಂದೆ ರೈಲ್ವೆಯಲ್ಲಿ ಗೂಡ್ಸ್ ಕ್ಲರ್ಕು. ಬೀರೂರು, ಅರಸೀಕೆರೆ, ಹುಬ್ಬಳ್ಳಿ ಎಂದು ವರ್ಗವಾದ ಕಡೆಯಲ್ಲೆಲ್ಲ ಬೆಳೆದವರು. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಬಿ.ಟಿ.ಎಂ., ಜೆ.ಪಿ. ನಗರ, ಬನಶಂಕರಿ ಎಂದು ಬಾಡಿಗೆ ಮನೆಗಳು. “ನಿಮ್ಮದು ಯಾವೂರು ಮೇಡಂ?” ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಕೇಳಿದರೆ, ಯಾವ ಪ್ರಶ್ನೆಗೂ ಬಾಯಿ ಕಟ್ಟದ ಆಕೆ ಸೆರಗನ್ನು ಮತ್ತೊಮ್ಮೆ ಸಿಕ್ಕಿಸಿಕೊಂಡರು. ಆಮೇಲೆ, ಹುಟ್ಟಿದ್ದು ಹೇಳಲಾ ಬೆಳೆದದ್ದು ಹೇಳಲಾ ಎಂದು ನಕ್ಕುಬಿಟ್ಟರು.

ಅವರು ಎಂಟನೇ ಕ್ಲಾಸಿಗೆ ಹೋದ ಮೊದಲ ದಿನ ಅದೇ ಪ್ರಶ್ನೆಯನ್ನು ಮಕ್ಕಳಿಗೆ ಕೇಳಿದರಂತೆ. ಒಬ್ಬ ಸಿಂದಗಿ ಅಂದ, ಒಬ್ಬಳು ಚನ್ನಗಿರಿ, ಇನ್ನೊಬ್ಬ ಲಿಂಗಸುಗೂರು. ಅಲ್ಲಿಗೆ ಹೋಗಿದ್ದೀಯಾ ಎಂದರೆ, ಚಿಕ್ಕವನಿದ್ದಾಗ ಒಂದು ಸಲ. ಇಲ್ಲೇ ಹುಟ್ಟಿದವರೂ ಅಪ್ಪನ ಊರನ್ನೇ ಹೇಳಿದರು. ಇಡೀ ಕ್ಲಾಸಿನಲ್ಲಿ ಒಂದು ಮಗುವೂ ಬೆಂಗಳೂರು ಎನ್ನಲಿಲ್ಲ. ಆ ದಿನ ಮೇಡಂ ಸ್ಟಾಫ್ ರೂಮಿಗೆ ಬಂದು, ಚಾಕ್‌ಪೀಸಿನ ಕೈ ಒರೆಸಿಕೊಳ್ಳುತ್ತಾ ನನಗೆ ಹೇಳಿದರು:

“ಸಾರ್, ನೀವು ಪೌರನೀತಿ ಪಾಠ ಮಾಡ್ತೀರಲ್ಲ, ಈ ಊರಿನ ಪೌರ ಒಬ್ಬನೂ ಕ್ಲಾಸಲ್ಲಿ ಇಲ್ಲ. ಎಲ್ಲಾ ನೆಂಟರೇ.”

ಪೋರ್ಷನ್ ಮುಗಿದರೆ ಸಾಕು ಎಂದು ನಾನು ಹೇಳಿದೆ. ಅವರು ಹಾಗೆ ತಿಳಿಯುವ ಜಾತಿಯಲ್ಲ. ಮರುದಿನ ಗಣಿತದ ಪೀರಿಯಡ್ಡಿನಲ್ಲಿ ಎಂಟನೇ ಕ್ಲಾಸನ್ನು ಗೇಟು ದಾಟಿಸಿ ಕರೆತಂದು, ಹತ್ತನೇ ಕ್ಲಾಸಿನ ಗಟ್ಟಿಮುಟ್ಟಾದವರನ್ನು ಬಂಡೆಯ ಮೇಲೆ ನಿಲ್ಲಿಸಿ, ಒಬ್ಬೊಬ್ಬರನ್ನೇ ಮೇಲಕ್ಕೆ ಎಳೆಸಿದರು. ಹೆಡ್‌ಮಾಸ್ಟರು ಶಾಂತವೀರಪ್ಪನವರು, ಶಾಂತಿಯನ್ನು ಹೆಸರಿನಲ್ಲೇ ಇಟ್ಟುಕೊಂಡಿದ್ದವರು, ಕಿಟಕಿಯಿಂದ ನೋಡಿ ಕಿಟಕಿ ಮುಚ್ಚಿಕೊಂಡರು.

ಮೇಲೆ ನಿಂತರೆ ಲೇಔಟೆಲ್ಲ ಅಂಗೈಯಲ್ಲಿಟ್ಟ ಹಾಗೆ. ಇತ್ತ ಬನಶಂಕರಿಯ ಗುಡಿಯ ಕಡೆಯ ಗದ್ದಲ, ಅತ್ತ ಜೆ.ಪಿ. ನಗರದಲ್ಲಿ ಏಳುತ್ತಿದ್ದ ಮನೆಗಳ ಕಬ್ಬಿಣದ ಸರಳುಗಳು, ದೂರದಲ್ಲಿ ಹಸಿರು ಕಂಬಳಿ ಹೊದ್ದ ಜಯನಗರ. ಹತ್ತಿದ ಮಗು ಕೈ ಚಾಚಿ ತನ್ನ ಮನೆ ತೋರಿಸಬೇಕು. ತನ್ನ ಹೆಸರು, ಕ್ರಾಸು, ಮೇನು ಎಲ್ಲವನ್ನೂ ರಸ್ತೆಗೆ ಕೇಳುವ ಹಾಗೆ ಕೂಗಿ ಹೇಳಬೇಕು. ಕೆಳಗಿದ್ದವರು ಚಪ್ಪಾಳೆ ತಟ್ಟಬೇಕು. ಅಷ್ಟೇ ಶಾಸ್ತ್ರ. ಬಾಡಿಗೆ ಮನೆಯಾದರೆ? ಬಾಡಿಗೆ ಮನೆಯೂ ಮನೆಯೇ ಎಂದರು ಮೇಡಂ. ಮುಂದಿನ ವರ್ಷ ಖಾಲಿ ಮಾಡಿದರೆ? ಬಂದು ಹೊಸದನ್ನು ತೋರಿಸು. ಬಂಡೆ ಎಲ್ಲಿಗೂ ಹೋಗುವುದಿಲ್ಲ.

ಹೀಗೆ, ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ಶನಿವಾರ, ಹತ್ತನೆಯವರು ಎಂಟನೆಯವರನ್ನು ಕೈಹಿಡಿದು ಹತ್ತಿಸುವ ‘ಮನೆ ತೋರಿಸೋದು’ ನಮ್ಮಲ್ಲಿ ಒಂದು ಪದ್ಧತಿಯಾಯಿತು. ಎರಡನೇ ವರ್ಷಕ್ಕೇ ಮಕ್ಕಳು ಅದನ್ನು “ಹಿಂದಿನಿಂದ ನಡೆದು ಬಂದಿದ್ದು” ಎಂದು ಹೇಳತೊಡಗಿದರು. ಶಾಲೆಗೆ ಇನ್ನೂ ಸರಿಯಾಗಿ ಸುಣ್ಣವೇ ಒಣಗಿರಲಿಲ್ಲ.

ಮೂರನೇ ವರ್ಷದಲ್ಲಿ ರಾಜಶ್ರೀ ಎಂಬ ಹುಡುಗಿ ಹತ್ತಿದಳು. ಸಿಂಧನೂರಿನ ಕಡೆಯಿಂದ ಬಂದವರು. ತಾಯಿ ರೇಣುಕವ್ವ ಒಂದು ಆಫೀಸಿನಲ್ಲಿ ಕ್ಯಾಂಟೀನು ನೋಡಿಕೊಳ್ಳುತ್ತಿದ್ದಳು. ಅವರ ಮನೆಯೆಂದರೆ ಒಂದು ಮೂರಂತಸ್ತಿನ ಮನೆಯ ಹಿಂಬದಿಯ ಎರಡು ಕೋಣೆ. ಹುಡುಗಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಮನೆ ಕಾಣಲಿಲ್ಲ. ಮುಂದೊಂದು ಹೊಸ ಕಟ್ಟಡ ಎದ್ದಿತ್ತು. ಕೆಳಗಿನಿಂದ ಒಬ್ಬ, ಇವಳಿಗೆ ಮನೆಯೇ ಇಲ್ಲ ಕಣ್ರೋ ಎಂದ. ಅವಳು ಅಳುತ್ತಾ ಇಳಿದಳು. ಆ ಮಾತು ಆಡಿದವನನ್ನು ಮೇಡಂ ಏನೂ ಅನ್ನಲಿಲ್ಲ. ಸಂಜೆ ಅವನನ್ನೇ ಕರೆದುಕೊಂಡು ರಾಜಶ್ರೀಯ ಮನೆಗೆ ಹೋಗಿ ಮಂಡಕ್ಕಿ ತಿಂದು ಬಂದರು.

ಸೋಮವಾರ ಬೆಳಿಗ್ಗೆ ಶಾಲೆಗೆ ಬಂದರೆ, ಆ ಮೂರಂತಸ್ತಿನ ತಾರಸಿಯಿಂದ ಒಂದು ಕೌದಿ ಇಳಿಬಿದ್ದಿದೆ. ಹಳೆಯ ಸೀರೆಗಳ ತುಂಡುಗಳನ್ನು ಸೇರಿಸಿ ಹೊಲಿದ ಉತ್ತರ ಕರ್ನಾಟಕದ ಕೌದಿಯನ್ನು ನೋಡಿದವರಿಗೆ ಗೊತ್ತು, ಅದರಲ್ಲಿ ಇಲ್ಲದ ಬಣ್ಣವಿಲ್ಲ. ಕುಮಾರಸ್ವಾಮಿ ಲೇಔಟಿನ ಸಿಮೆಂಟಿನ ನಡುವೆ ಅದು ನವಿಲಿನ ಹಾಗೆ ಕಾಣುತ್ತಿತ್ತು. ಮನೆಯ ಓನರು ನೀಲಕಂಠಪ್ಪನವರು ಕೋಪದಿಂದ ಕೆಂಪಾಗಿ ಶಾಲೆಗೇ ಬಂದರು. ತಾರಸಿಗೆ ಬಾಡಿಗೆದಾರರು ಹೋಗುವಂತಿಲ್ಲ ಎಂದು ಮೊದಲೇ ಮಾತಾಗಿತ್ತಂತೆ. ಬೀಗ ತೆಗೆದಿದ್ದು ಹೇಗೆಂದು ಅವರ ಪ್ರಶ್ನೆ. ಹಿಂದೆಯೇ ರೇಣುಕವ್ವನೂ ಬಂದಿದ್ದಳು. ಅವಳಿಗೆ ಕೋಪವೂ ಇಲ್ಲ, ಹೆದರಿಕೆಯೂ ಇಲ್ಲ.

“ಹುಡಿಗಿ ಮನಿ ಕಾಣಂಗಿಲ್ಲಂತ ರಾತ್ರಿ ಉಣಲಿಲ್ರೀ ಅಕ್ಕಾರ,” ಎಂದಳು ಮೇಡಂಗೆ. ಆಮೇಲೆ ಓನರಿನ ಕಡೆ ತಿರುಗಿ, “ನಿಮ್ಮ ಮನಿಯವರನ್ನ ಕೇಳೇ ಕೀಲಿ ಇಸಗೊಂಡೀನ್ರೀ ಸಾಹೇಬ್ರ. ಈಗ ನೋಡ್ರಿ, ಮೈಸೂರಿಂದ ನೋಡಿದ್ರೂ ನಿಮ್ಮ ಮನಿ ಕಾಣತೈತಿ.”

ನಿಮ್ಮ ಮನೆ ಎಂದದ್ದು ನೀಲಕಂಠಪ್ಪನವರಿಗೆ ಹಿತವಾಗಿ ತಾಗಿತು. ರಾಜಶ್ರೀ ಆ ಮಧ್ಯಾಹ್ನ ಮತ್ತೊಮ್ಮೆ ಹತ್ತಿ, ಕೌದಿಯ ಕಡೆ ಕೈ ಮಾಡಿ, ಗಂಟಲು ಒಡೆಯುವಂತೆ ಕೂಗಿ ಇಳಿದಳು. ಮರುವರ್ಷದಿಂದ ಆ ಶನಿವಾರ ಯಾರ ಮನೆಯಲ್ಲಿ ಎಂಟನೇ ಕ್ಲಾಸಿನ ಮಗುವಿದೆಯೋ ಆ ಮನೆಯ ತಾರಸಿಯ ಮೇಲೆ ಒಂದು ಬಣ್ಣದ ಬಟ್ಟೆ: ಸೀರೆ, ಬೆಡ್‌ಶೀಟು, ಟೇಬಲ್ ಕ್ಲಾತು. ಬೀಗ ಹಾಕಿಟ್ಟಿದ್ದ ತಾರಸಿಗಳು ವರ್ಷಕ್ಕೊಂದು ದಿನವಾದರೂ ತೆರೆದವು. ತಮ್ಮ ಕಟ್ಟಡದ ಮೇಲೆ ಬಟ್ಟೆ ಹಾರಲಿಲ್ಲವೆಂದು ಓನರುಗಳು ಬಾಡಿಗೆದಾರರ ಮಕ್ಕಳನ್ನು ನಮ್ಮ ಶಾಲೆಗೆ ಸೇರಿಸಲು ಹೇಳಿದ್ದೂ ಉಂಟು.

ನನಗೆ ಮಾತ್ರ ಇದರಿಂದ ನಷ್ಟವಾಯಿತು. ಮೇಲಿನಿಂದ ತಮ್ಮ ಬೀದಿಯನ್ನು ನೋಡಿ ಬಂದ ಮಕ್ಕಳು ನನ್ನ ಪೌರನೀತಿಯ ಪೀರಿಯಡ್ಡಿನಲ್ಲಿ ಕೈ ಎತ್ತತೊಡಗಿದರು. ನಮ್ಮ ಕ್ರಾಸಿನಲ್ಲಿ ಮೋರಿ ಯಾಕೆ ಮುಚ್ಚಿಲ್ಲ ಸಾರ್, ಪಾರ್ಕ್ ಅಂತ ಬಿಟ್ಟ ಜಾಗದಲ್ಲಿ ಜಲ್ಲಿ ಯಾರದ್ದು ಸಾರ್. ಪಠ್ಯಪುಸ್ತಕದಲ್ಲಿ ನಗರಸಭೆಯ ಕರ್ತವ್ಯಗಳಿದ್ದವೇ ಹೊರತು ಜಲ್ಲಿ ಇರಲಿಲ್ಲ. ಕೊನೆಗೆ ಅವರ ಕಾಟ ತಾಳಲಾರದೆ ಇಡೀ ಕ್ಲಾಸನ್ನು ವಾರ್ಡ್ ಆಫೀಸಿಗೆ ಕರೆದುಕೊಂಡು ಹೋದೆ. ಜಲ್ಲಿ ಎದ್ದಿತು. ಆ ಕೀರ್ತಿ ನನಗೆ ಬಂತು, ನಾನು ಬೇಡವೆನ್ನಲಿಲ್ಲ.

ಜಯನಗರದ ಸ್ಪರ್ಧೆಗಳಲ್ಲೂ ಗಾಳಿ ತಿರುಗಿತು. ನಿಮ್ಮ ಸ್ಕೂಲಲ್ಲಿ ಏನಿದೆ ಎಂದು ಯಾರೋ ಕೆಣಕಿದ್ದಕ್ಕೆ, ಬಂಡೆ ಇದೆ ಮಗಾ, ಹತ್ತಿದ್ರೆ ನಿಮ್ಮ ಸ್ಕೂಲೂ ಕಾಣುತ್ತೆ, ನಿಮ್ಮ ಸ್ಕೂಲ್ ಹತ್ತಿದ್ರೆ ನಮ್ಮದು ಕಾಣುತ್ತಾ, ಎಂದು ನಮ್ಮವನೊಬ್ಬ ಉತ್ತರ ಕೊಟ್ಟನಂತೆ. ಬ್ಯಾಡ್ಜಿನ ಮೇಲಿನ ಕೈ ಆಗ ಇಳಿಯಿತು.

ಇಷ್ಟೆಲ್ಲ ನೆಟ್ಟಗೆ ನಡೆಯುತ್ತಿದ್ದುದು ಕೆಟ್ಟದ್ದು ಉಮಾ ಮೇಡಂ ಅವರ ಎಚ್ಚರಿಕೆಯಿಂದಲೇ.

ಎರಡು ಸಾವಿರದ ಒಂದರ ಜೂನ್‌ನಲ್ಲಿ ಮಳೆ ಮುಂಚೆ ಬಂದು ಬಂಡೆ ಪಾಚಿಗಟ್ಟಿತ್ತು. ಹತ್ತುವಾಗ ಒಬ್ಬ ಹುಡುಗ ಜಾರಿ ಮೊಣಕಾಲು ತರಚಿಕೊಂಡ. ಹೆಚ್ಚೇನಿಲ್ಲ, ಆದರೆ ಶಾಂತವೀರಪ್ಪನವರು ಆ ದಿನವೇ ಷರತ್ತು ಹಾಕಿದರು. ಮುಂದೆ ಎಲ್ಲಿ ಕಾಲಿಡಬೇಕೆಂದು ಗುರುತು ಮಾಡಿದರೆ ಮಾತ್ರ ಹತ್ತಬಹುದು ಎಂದರು. ಮೇಡಂ ದಸರಾ ರಜೆ ಮುಗಿದ ಮೇಲೆ ಹತ್ತನೆಯವರನ್ನು ಕಟ್ಟಿಕೊಂಡು, ಪಾಚಿ ಉಜ್ಜಿ, ಕಾಲಿಗೆ ಹಿಡಿತ ಸಿಗುವ ಕಡೆ ಸುಣ್ಣದಿಂದ ಅಡ್ಡಡ್ಡ ಪಟ್ಟೆ ಎಳೆದರು. ಕೆಳಗೊಂದು, ನಡುವೆ ಒಂದು, ಮೇಲೊಂದು. ಹತ್ತಿರದಿಂದ ನೋಡಿದರೆ ಮೆಟ್ಟಿಲಿನ ಗುರುತು. ರಸ್ತೆಯಾಚೆ ನಿಂತು ನೋಡಿದರೆ, ಬೂದುಬಣ್ಣದ ದುಂಡು ಕಲ್ಲಿನ ಹಣೆಗೆ ಮೂರು ಬೆರಳಿನ ವಿಭೂತಿ.

ನಾವು ಯಾರೂ ರಸ್ತೆಯಾಚೆ ನಿಂತು ನೋಡಿರಲಿಲ್ಲ. ಬಸ್ಸಿಗೆ ಕಾಯುವವರು ನೋಡಿದರು. ಕಾರ್ತೀಕದ ಒಂದು ಸೋಮವಾರ ಬೆಳಿಗ್ಗೆ ನಡುವಿನ ಪಟ್ಟೆಯ ಮೇಲೆ ಒಂದು ಕುಂಕುಮದ ಬೊಟ್ಟು ಬಂದಿತ್ತು. ಮುಂದಿನ ಸೋಮವಾರ ಎರಡು ಊದುಬತ್ತಿ. ಆಮೇಲೆ ಕಾಯಿ, ಬಾಳೆಹಣ್ಣು, ಎಕ್ಕದ ಹೂವಿನ ಹಾರ. ಸಂಕ್ರಾಂತಿಯ ಹೊತ್ತಿಗೆ ಅದಕ್ಕೆ ಹೆಸರೂ ಬಿತ್ತು: ಬಂಡೇಶ್ವರ. ಶಿವರಾತ್ರಿಗೆ ಪಾನಕ ಹಂಚಿದರು. ನಾನು ಎರಡು ಲೋಟ ಕುಡಿದೆ. ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋಗುವವರ ಹಾಲ್ ಟಿಕೆಟ್ಟುಗಳನ್ನು ತಂದೆತಾಯಿಗಳು ಬಂಡೆಯ ಬುಡದಲ್ಲಿಟ್ಟು ತೆಗೆದುಕೊಂಡು ಹೋದರು. ಆ ವರ್ಷ ಗಣಿತದಲ್ಲಿ ಎಲ್ಲರೂ ಪಾಸಾದರು. ವರ್ಷವಿಡೀ ಲೆಕ್ಕ ಹೇಳಿಕೊಟ್ಟ ಹೆಂಗಸು ಗೇಟಿನಲ್ಲಿ ನಿಂತಿರುವಾಗ, ಅವರ ಎದುರಿಗೇ ಜನ ಬಂಡೆಗೆ ಹಣ್ಣುಕಾಯಿ ಮಾಡಿಸಿದರು.

ಮೇಡಂ ಪಟ್ಟೆಗಳನ್ನು ಒಂದು ಸಂಜೆ ತಾವೇ ಬ್ರಷ್ಷು ಹಿಡಿದು ತೊಳೆದರು. ಬೆಳಗಾಗುವುದರೊಳಗೆ ಮತ್ತೆ ಮೂರು ಪಟ್ಟೆ, ಈ ಸಲ ನಿಜವಾದ ವಿಭೂತಿಯಲ್ಲಿ. ಪೂಜೆಗೆ ಬರುವವರು ಮೊದಲು ಚಪ್ಪಲಿ ಹಾಕಿಕೊಂಡು ಹತ್ತಬೇಡಿ ಎಂದರು. ಆಮೇಲೆ ಹುಡುಗರಿಗೆ ಆ ಕಡೆ ಚೆಂಡು ಒದೆಯಬೇಡಿ ಎಂದರು. ಮೇ ತಿಂಗಳ ಕೊನೆಯಲ್ಲಿ ಶಾಂತವೀರಪ್ಪನವರು ನಮ್ಮನ್ನೆಲ್ಲ ಕರೆದು, ಜನರ ಭಾವನೆಯ ಪ್ರಶ್ನೆ, ಈ ವರ್ಷದಿಂದ ಬಂಡೆ ಹತ್ತುವುದು ಬೇಡ, ಮನೆ ತೋರಿಸುವುದನ್ನು ಮೈದಾನದಲ್ಲಿ ಒಂದು ನಕ್ಷೆ ಬರೆದು ಮಾಡೋಣ, ಮಕ್ಕಳು ಕಡ್ಡಿಯಿಂದ ತೋರಿಸಲಿ ಎಂದರು. ನಕ್ಷೆ ಬರೆಯುವ ಕೆಲಸ ಸಮಾಜ ವಿಜ್ಞಾನದವರಿಗೆ, ಅಂದರೆ ನನಗೆ. ನಾನು ಭಾರತದ ನಕ್ಷೆ ಬರೆದರೆ ಶ್ರೀಲಂಕಾಕ್ಕೆ ಜಾಗ ಉಳಿಯುವುದಿಲ್ಲ.

“ದೇವರ ಮೇಲೆ ಕಾಲಿಡಿ ಅಂತ ಯಾವ ಬಾಯಲ್ಲಿ ಹೇಳ್ಲಿ ಮೇಡಂ?” ಎಂದರು ಹೆಡ್‌ಮಾಸ್ಟರು.

“ಅದು ದೇವರಲ್ಲ ಸಾರ್, ನಾನು ಹಚ್ಚಿದ ಸುಣ್ಣ,” ಎಂದರು ಮೇಡಂ.

ಶಾಂತವೀರಪ್ಪನವರು ಒಂದು ಮಾತು ಬಿಟ್ಟುಕೊಟ್ಟರು. ಪೂಜೆ ಶುರುಮಾಡಿದವರೇ ಬಂದು ಹತ್ತಬಹುದು ಎಂದರೆ ತಮ್ಮ ಅಭ್ಯಂತರವಿಲ್ಲ. ಪೂಜೆ ಶುರುಮಾಡಿದವರು ಯಾರೆಂದು ಬೀದಿಗೆಲ್ಲ ಗೊತ್ತಿತ್ತು. ಎದುರು ಸಾಲಿನ ಬಸವಲಿಂಗಮ್ಮನವರು. ಲೇಔಟಿನಲ್ಲಿ ಮೊಟ್ಟಮೊದಲು ಮನೆ ಕಟ್ಟಿದವರು. ಗಂಡ ಶಂಭುಲಿಂಗಪ್ಪನವರದ್ದು ಚಿಕ್ಕಪೇಟೆಯಲ್ಲಿ ಬಟ್ಟೆ ವ್ಯಾಪಾರ. ಬೀದಿಯ ವ್ಯಾಪಾರವೆಲ್ಲ ಈಕೆಯದು. ಹಾಲು ಹಾಕುವವನಿಂದ ಹಿಡಿದು ಕಾರ್ಪೊರೇಟರ್ ತನಕ ಎಲ್ಲರೂ ಅವರ ಗೇಟಿನ ಮುಂದೆ ದನಿ ತಗ್ಗಿಸುತ್ತಿದ್ದರು. ವಯಸ್ಸು ಅರವತ್ತು ದಾಟಿದ್ದರೂ ಮೊಣಕಾಲು ಇನ್ನೂ ತಕರಾರು ತೆಗೆದಿರಲಿಲ್ಲ.

ಮೇಡಂ ಬಸವಲಿಂಗಮ್ಮನವರ ಮನೆಗೆ ಹೊರಟರು. ಒಬ್ಬರೇ ಹೋದರೆ ಜಗಳಕ್ಕೆ ಬಂದ ಹಾಗಾಗುತ್ತದೆಂದು ನನ್ನನ್ನೂ ಎಳೆದುಕೊಂಡು ಹೋದರು. ನಾನಿದ್ದರೆ ಜಗಳದ ವಾತಾವರಣ ಬರುವುದಿಲ್ಲವೆಂದು ಎಲ್ಲರಿಗೂ ನಂಬಿಕೆ. ಆಕೆ ಜಗಲಿಯಲ್ಲಿ ಅಲಸಂದೆ ಬಿಡಿಸುತ್ತಾ ಕೂತಿದ್ದರು. ಕೂರಿಸಿ, ಕಾಫಿ ಕೊಟ್ಟು, ವಿಷಯ ಗೊತ್ತಿದ್ದರೂ ಹವೆಯ ಬಗ್ಗೆ ಮಾತಾಡಿದರು. ಮೇಡಂ ಲೋಟ ಕೆಳಗಿಟ್ಟರು.

“ಅಮ್ಮಾ, ನಿಮ್ಮ ಕೊರಳಲ್ಲೂ ಲಿಂಗ ಇದೆ, ನನ್ನ ಕೊರಳಲ್ಲೂ ಇದೆ. ರಸ್ತೇಲಿ ಇನ್ನೊಂದು ಯಾಕೆ ನಮಗೆ?”

ಬಸವಲಿಂಗಮ್ಮನವರು ಸಿಟ್ಟಾಗುತ್ತಾರೆಂದು ನಾನು ಗೇಟಿನ ದೂರವನ್ನು ಅಂದಾಜು ಮಾಡಿದೆ. ಅವರು ಕಾಳು ಬಿಡಿಸುವುದನ್ನು ನಿಲ್ಲಿಸಲೇ ಇಲ್ಲ.

“ನನ್ನ ಕೊರಳಲ್ಲಿರೋದಕ್ಕೆ ಹೆದರಿ ಯಾರೂ ಕಸ ಹಾಕೋದು ಬಿಡಲ್ಲವಲ್ಲಮ್ಮ.”

ಆಮೇಲೆ ಅವರು ಹೇಳಿದ್ದು ಇಷ್ಟು. ಶಾಲೆ ಬಿಟ್ಟ ಮೇಲೆ ಆ ಬಂಡೆಯ ಬುಡ ಏನಾಗಿತ್ತೆಂದು ನಮಗೆ, ಬಸ್ಸು ಹಿಡಿದು ಮನೆಗೆ ಹೋಗುವವರಿಗೆ, ಗೊತ್ತಿರಲಿಲ್ಲ. ಹಿಂದಿನ ಕ್ರಾಸಿನವರೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಕಸ ಕಟ್ಟಿ ತಂದು ಒಗೆಯುತ್ತಿದ್ದರು. ಆಟೋ ನಿಲ್ಲಿಸಿ ಗಂಡಸರು ಬಂಡೆಗೆ ಮುಖ ಮಾಡಿ ನಿಂತುಕೊಳ್ಳುತ್ತಿದ್ದರು. ಇವರು ಹೇಳಿ ನೋಡಿದರು, ಬೈದು ನೋಡಿದರು. ಶಾಲೆಯವರು ಒಂದು ದಿನ ಹತ್ತಿ ಚಪ್ಪಾಳೆ ತಟ್ಟಿ ಹೋಗುತ್ತಿದ್ದರು. ಉಳಿದ ದಿನವೆಲ್ಲ ವಾಸನೆ ಕುಡಿದವರು ತಾವು. ಮೂರು ಪಟ್ಟೆ ಕಂಡ ದಿನ, ಇದೇ ಸಮಯ ಎಂದು ಕುಂಕುಮ ಇಟ್ಟರು. ಮರುದಿನದಿಂದ ಒಂದು ಕವರೂ ಬಿದ್ದಿಲ್ಲ. ಅದು ಕಲ್ಲು ಎಂದು ತಮಗೂ ಗೊತ್ತು.

ಉಮಾ ಮೇಡಂ ಒಂದು ಅಲಸಂದೆ ಎತ್ತಿಕೊಂಡು ತಾವೂ ಬಿಡಿಸತೊಡಗಿದರು. ವಾದಕ್ಕೆ ಬಂದವರಿಗೆ ಎದುರಾಳಿಯ ಮಾತು ಸರಿಯೆನ್ನಿಸಿದರೆ ಬರುವ ಮುಖ ಅವರದಾಗಿತ್ತು. ಕೊನೆಗೆ ಅವರು ಕೇಳಿದ್ದು ಬೇರೆಯೇ.

“ಈ ಏರಿಯಾಗೆ ಮೊದಲು ಬಂದೋರು ನೀವು. ಮೇಲಿಂದ ನಿಮ್ಮ ಮನೆ ಯಾವತ್ತಾದ್ರೂ ನೋಡಿದ್ದೀರಾ ಅಮ್ಮಾ?”

“ನನ್ನ ಮನೆ ನಾನು ನೋಡೋದೇನಿದೆ? ಒಳಗೇ ಇರ್ತೀನಲ್ಲ.”

“ಅದಕ್ಕೇ ಕೇಳಿದ್ದು. ಶನಿವಾರ ಬನ್ನಿ. ನೀವು ಹತ್ತಿ ನೋಡಿ, ಆಮೇಲೂ ಮಕ್ಕಳು ಹತ್ತೋದು ಬೇಡ ಅಂದ್ರೆ, ನಾನು ಸುಮ್ಮನಾಗ್ತೀನಿ. ನಮ್ಮ ಸೋಷಿಯಲ್ ಸಾರ್ ನಕ್ಷೆ ಬರೀತಾರೆ.”

ಬಸವಲಿಂಗಮ್ಮನವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಅಲಸಂದೆ ಸಿಪ್ಪೆಯನ್ನು ಮೊರದಲ್ಲಿ ಒಗ್ಗೂಡಿಸಿದರು. ದಾರಿಯಲ್ಲಿ ಮೇಡಂ, ನಾನು ಎಂಥ ಮಾತು ಕೊಟ್ಟುಬಿಟ್ಟೆ ಸಾರ್ ಎಂದರು. ಅವರ ದನಿ ಹಾಗೆ ತೆಳ್ಳಗಾದದ್ದನ್ನು ನಾನು ಮೊದಲ ಸಲ ಕೇಳಿದೆ. ಆಕೆ ಬರದೇ ಹೋದರೂ ಸೋಲು, ಬಂದು ಬೇಡವೆಂದರೂ ಸೋಲು. ಎಂಟು ವರ್ಷ ಕಟ್ಟಿದ್ದು ಆ ಒಂದು ಶನಿವಾರದ ಮೇಲೆ ನಿಂತಿತ್ತು.

ಶನಿವಾರ ತಾರಸಿಗಳ ಮೇಲೆ ಬಟ್ಟೆಗಳಂತೂ ಏರಿದವು. ತಾಯಂದಿರಿಗೆ ಶಾಂತವೀರಪ್ಪನವರ ತೀರ್ಮಾನ ತಲುಪಿರಲಿಲ್ಲ, ತಲುಪಿದ್ದರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಎಂಟನೆಯವರು ರಸ್ತೆ ಬದಿಗೆ ಸಾಲು ನಿಂತಿದ್ದರು. ಬಂಡೆಯ ಬುಡದಲ್ಲಿ ಹೂವು, ಬತ್ತಿಯ ಬೂದಿ. ಹೆಡ್‌ಮಾಸ್ಟರು ಗೇಟಿನೊಳಗೆ ನಿಂತು ಗಡಿಯಾರ ನೋಡುತ್ತಿದ್ದರು. ಎದುರುಮನೆಯ ಬಾಗಿಲು ತೆರೆಯಿತು. ಬಸವಲಿಂಗಮ್ಮನವರು ರಸ್ತೆ ದಾಟಿ ಬಂದರು, ಹಿಂದೆ ಶಂಭುಲಿಂಗಪ್ಪನವರು ಕೊಡೆ ಹಿಡಿದು, ಮಳೆ ಇಲ್ಲದಿದ್ದರೂ.

ಚಪ್ಪಲಿ ಬಿಟ್ಟರು. ಹೂವನ್ನು ಎತ್ತಿ ಗಂಡನ ಕೈಗೆ ಕೊಟ್ಟರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬಂಡೆಗೆ ಒಮ್ಮೆ ಕೈಮುಗಿದು, ಕೆಳಗಿನ ಪಟ್ಟೆಯ ಮೇಲೆ ಕಾಲಿಟ್ಟರು. ಹತ್ತನೇ ಕ್ಲಾಸಿನ ಹುಡುಗಿಯರು ಮೇಲಿನಿಂದ ಕೈ ಚಾಚಿದರು. ಕೆಳಗಿನಿಂದ ಮೇಡಂ ಆಸರೆಯಾದರು. ನಾನು ಚಪ್ಪಲಿ ಕಾದೆ.

ಮೇಲೆ ನಿಂತು ಅವರು ಸುತ್ತ ನೋಡಿದರು. ತುಂಬ ಹೊತ್ತು ನೋಡಿದರು. ಅವರು ಮನೆ ಕಟ್ಟಿದಾಗ ಇಲ್ಲಿ ಲಂಟಾನಾ ಪೊದೆ, ನರಿ ಕೂಗು ಬಿಟ್ಟರೆ ಏನೂ ಇರಲಿಲ್ಲವಂತೆ. ಅವರು ಕೈ ಎತ್ತಿ ತಮ್ಮ ಮನೆಯ ಕಡೆ ಚಾಚಿದರು, ಹೆಸರು ಹೇಳುತ್ತಾರೆಂದು ಎಲ್ಲರೂ ಕತ್ತೆತ್ತಿದೆವು.

“ರೀ, ಟ್ಯಾಂಕಿನ ಮುಚ್ಚಳ ತೆಗೆದಿದೆ. ಕಾಗೆ ಕೂತಿದೆ ನೋಡಿ ಅದರ ಮೇಲೆ. ಎಷ್ಟು ದಿನದಿಂದ ಆ ನೀರು ಕುಡೀತಿದ್ದೀವಿ ನಾವು?”

ಶಂಭುಲಿಂಗಪ್ಪನವರು ಕೊಡೆ, ಹೂವು ಎರಡನ್ನೂ ಹಿಡಿದುಕೊಂಡು ಮನೆಗೆ ಓಡಿದರು. ಚಪ್ಪಾಳೆ ಬಿತ್ತು. ಬಸವಲಿಂಗಮ್ಮನವರು ಇಳಿಯಲಿಲ್ಲ. ಅಲ್ಲಿಯೇ ಚಕ್ಕಳಮಕ್ಕಳ ಹಾಕಿ ಕೂತು, ಏನ್ ನೋಡ್ತಿದ್ದೀರಾ, ಹತ್ತಿ ಬನ್ರೋ ಎಂದು ಸಾಲಿನ ಕಡೆ ಕೈ ಬೀಸಿದರು. ಒಬ್ಬೊಬ್ಬರಾಗಿ ಮಕ್ಕಳು ಹತ್ತಿದರು. ಇವರು ತಪ್ಪು ತಿದ್ದುತ್ತಾ ಹೋದರು: ಅದು ನಿಮ್ಮದಲ್ಲ ಕಣೋ, ಅದು ಪೋಸ್ಟಾಫೀಸಿನವರದ್ದು, ನಿಮ್ಮದು ಅದರ ಹಿಂದಿನ ನೀಲಿ ಬಟ್ಟೆ. ಹೊಸದಾಗಿ ಬಂದ ಮೌನೇಶ ಎಂಬ ಹುಡುಗನಿಗೆ ದಿಕ್ಕೇ ತಿಳಿಯದಿದ್ದಾಗ, ಬಾ ಇಲ್ಲಿ, ನಿಮ್ಮಮ್ಮ ಪಾತ್ರೆ ತೊಳೆಯೋ ಕಟ್ಟೆ ಕಾಣುತ್ತಾ, ಅದೇ, ಎಂದು ಅವನ ಗಲ್ಲ ಹಿಡಿದು ತಿರುಗಿಸಿದರು. ಯಾವ ಬಾಡಿಗೆ ಮನೆಗೆ ಯಾರು ಯಾವಾಗ ಬಂದರೆಂದು ಓನರುಗಳಿಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೆಳಗೆ ನಿಂತಿದ್ದ ಉಮಾ ಮೇಡಂ ತಲೆ ಬಗ್ಗಿಸಿ ಕನ್ನಡಕ ಒರೆಸುತ್ತಿದ್ದರು. ಕನ್ನಡಕದಲ್ಲಿ ಧೂಳೇನೂ ಇರಲಿಲ್ಲ.

ಹತ್ತಿದಷ್ಟು ಸುಲಭವಾಗಿ ಇಳಿಯಲು ಆಗಲಿಲ್ಲ. ಬಸವಲಿಂಗಮ್ಮನವರು ಕೂತುಕೊಂಡು, ಕೈ ಊರಿ, ಮಕ್ಕಳು ಜಾರುಬಂಡೆ ಜಾರುವ ಹಾಗೆ ನಿಧಾನವಾಗಿ ಜಾರುತ್ತಾ ಬಂದರು. ನೆಲಕ್ಕೆ ಇಳಿದು ನಿಂತಾಗ, ಬಂಡೆಯ ಹಣೆಯ ಮೇಲಿದ್ದ ಮೂರು ಪಟ್ಟೆಯೂ ಅವರ ಇಳಕಲ್ ಸೀರೆಯ ಹಿಂಭಾಗಕ್ಕೆ ಬಂದಿದ್ದವು. ಅವರು ಕತ್ತು ತಿರುಗಿಸಿ ನೋಡಿಕೊಂಡು, ತಾವೇ ಮೊದಲು ನಕ್ಕರು.

“ನಾನು ಕೂತು ಒರೆಸಿದ ಮೇಲೆ ಇನ್ನೆಲ್ಲಿ ದೇವರು,” ಎಂದರು. “ಕಸದ ವಿಷಯ ನಾನು ನೋಡ್ಕೋತೀನಿ ಬಿಡಮ್ಮ. ಸಂಜೆ ಹೊತ್ತು ಇಲ್ಲೇ ಬಂದು ಕೂರ್ತೀವಿ ನಾವೆಲ್ಲ. ಯಾರು ಕವರ್ ತರ್ತಾರೋ ತರಲಿ, ಮುಖ ನೋಡೋಣ.”

ಹೇಳಿದ ಹಾಗೆ ಕೂತರು. ಬೀದಿಯ ಹೆಂಗಸರಿಗೆ ಅದುವರೆಗೆ ಕೂರಲು ಒಂದು ಜಾಗವಿರಲಿಲ್ಲ; ಬಂಡೆಯ ಬುಡ ಅವರ ಪಾಲಿಗೆ ಬಂತು. ರೇಣುಕವ್ವನೂ ಕೆಲಸ ಮುಗಿಸಿ ಬಂದು ಕೂರತೊಡಗಿದಳು. ಕಸದ ಕವರು ಹಿಡಿದು ಬಂದ ಒಂದಿಬ್ಬರು, ಅಷ್ಟು ಜೊತೆ ಕಣ್ಣುಗಳು ಒಟ್ಟಿಗೆ ತಿರುಗಿದ್ದು ಕಂಡು, ವಾಕಿಂಗ್ ಬಂದವರ ಹಾಗೆ ಕವರು ಬೀಸುತ್ತಾ ಹಿಂದಿರುಗಿದರು. ಊದುಬತ್ತಿ ಒಂದೆರಡು ವಾರ ಅಲ್ಲೊಂದು ಇಲ್ಲೊಂದು ಕಾಣಿಸಿತು. ಹೆಂಗಸರು ಕೂತು ಕಡಲೆಕಾಯಿ ಬಿಡಿಸುವ ಕಡೆ ಪೂಜೆ ಮಾಡಲು ಬಂದವರಿಗೇ ಮುಜುಗರವಾಗಿ, ತಾನಾಗಿ ನಿಂತಿತು.

ಆದರೆ ಕಾಲಿಡುವ ಗುರುತು ಬೇಕೇ ಬೇಕಲ್ಲ. ಹೆಡ್‌ಮಾಸ್ಟರ ಷರತ್ತು ಹಾಗೇ ಇತ್ತು, ಮಳೆಯೂ ಶುರುವಾಗಿತ್ತು. ಮೇಡಂ ಒಂದು ಸಂಜೆ ಸುಣ್ಣದ ಬಕೆಟ್ಟಿನೊಂದಿಗೆ ಬಂದರು. ಬಕೆಟ್ಟು ಹೊರುವ ಕೆಲಸ ನನ್ನದು. ಪಟ್ಟೆಯ ಸಹವಾಸ ಸಾಕೆಂದು, ಈ ಸಲ ಪುಟ್ಟ ಪುಟ್ಟ ಪಾದಗಳನ್ನು ಬರೆಯುವುದೆಂದು ಅವರು ಯೋಚಿಸಿದ್ದರು. ಎಡಗಾಲು, ಬಲಗಾಲು, ಮಕ್ಕಳಿಗೆ ಸುಲಭ. ಮೊದಲ ಪಾದದ ಹೆಬ್ಬೆರಳು ಮೂಡುತ್ತಿದ್ದ ಹಾಗೆ ಬಸವಲಿಂಗಮ್ಮನವರು ಕೂತಲ್ಲಿಂದಲೇ ಕೈ ಅಡ್ಡ ಹಿಡಿದರು.

“ಪಾದ ಬರೀಬೇಡ ತಾಯಿ. ನಾಳೆ ಬೆಳಿಗ್ಗೆ ಯಾರಾದ್ರೂ ಬಂದು ಪಾದಪೂಜೆ ಶುರುಮಾಡ್ತಾರೆ.”

ಮೇಡಂ ಬ್ರಷ್ಷು ಹಿಡಿದು ನಿಂತರು. ಮತ್ತೇನು ಬರೆಯುವುದು ಎಂದು ನನ್ನನ್ನು ನೋಡಿದರು. ನಾನು ಬಕೆಟ್ಟನ್ನು ನೋಡಿದೆ.

“ಲೆಕ್ಕದ ಟೀಚರ್ ತಾನೆ ನೀನು?” ಎಂದರು ಬಸವಲಿಂಗಮ್ಮನವರು. “ಒಂದು, ಎರಡು, ಮೂರು ಅಂತ ಬರಿ. ಲೆಕ್ಕಕ್ಕೆ ಕೈ ಮುಗಿಯೋರನ್ನ ಈ ಲೇಔಟಲ್ಲಿ ನಾನಂತೂ ಕಂಡಿಲ್ಲ.”

ಮೇಡಂ ಅರ್ಧ ಮೂಡಿದ್ದ ಹೆಬ್ಬೆರಳನ್ನು ಸೆರಗಿನ ತುದಿಯಿಂದ ಅಳಿಸಿದರು. ಅದೇ ಜಾಗದಲ್ಲಿ, ದೂರದಿಂದಲೂ ಓದುವಷ್ಟು ದಪ್ಪವಾಗಿ, ‘೧’ ಎಂದು ಬರೆದು, ಕಾಲಿಟ್ಟು ನೋಡಿ, ಎರಡನೆಯದಕ್ಕೆ ಜಾಗ ಹುಡುಕುತ್ತಾ ಮೇಲಕ್ಕೆ ಬಗ್ಗಿದರು.